ಮುಂದಿನ ಕೀ ಎಲ್ಲಿಗೆ ಹೋಗತ್ತೆ? ಇಮ್ಯಾಕ್ಸ್, ಫೋಕಸ್, ಮತ್ತೆ ಕನ್ನಡ ಟೈಪಿಂಗ್

ಎಡಿಟರ್ ಮುಂದೆ ಕೂತಾಗ ನನಗೆ ಒಂದು ವಿಷ್ಯ ಮಾತ್ರ ಯಾವಾಗ್ಲೂ ಖಚಿತವಾಗಿ ಗೊತ್ತಿರ್ಬೇಕು, ಈಗ ಒತ್ತೋ ಕೀ ಎಲ್ಲಿಗೆ ಹೋಗತ್ತೆ ಅನ್ನೋದು. ಸ್ಕ್ರೀನ್ ಮೇಲೆ ಎಡಗಡೆ ಕೋಡ್ ಇರತ್ತೆ, ಬಲಗಡೆ ಬರೀತಿರೋ ಲೇಖನ ಇರತ್ತೆ, ಕೆಳಗೆ ಒಂದು ಸರ್ಚ್ ಸಾಲು, ಮೂಲೇಲಿ ಕಮಾಂಡ್ ಟೈಪ್ ಮಾಡೋ ಒಂದು ಟರ್ಮಿನಲ್, ಇಷ್ಟೆಲ್ಲ ಇದ್ರೂ ಕೀಬೋರ್ಡ್ ಇರೋದು ಒಂದೇ, ಅದು ಒಂದು ಕ್ಷಣಕ್ಕೆ ಒಂದೇ ಜಾಗಕ್ಕೆ ಅಕ್ಷರ ಕಳಿಸೋಕಾಗೋದು. ಆ ಜಾಗ ಯಾವ್ದು ಅಂತ ನಿರ್ಧಾರ ಮಾಡೋದೇ ಫೋಕಸ್. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ ಯಾಕಂದ್ರೆ ಸರಿಯಾಗಿ ನಡೀತಿರೋವಾಗ ಅದು ಕಣ್ಣಿಗೇ ಬೀಳಲ್ಲ, ತಪ್ಪಿದಾಗ ಮಾತ್ರ ಪಾಸ್‌ವರ್ಡ್ ಅರ್ಧ ಚಾಟ್ ಬಾಕ್ಸ್‌ಗೆ ಬಿದ್ದಿರತ್ತೆ, ಇಲ್ಲಾ ಕೋಡ್ ಮಧ್ಯೆ ಸಂಬಂಧವಿಲ್ಲದ ಅಕ್ಷರ ಕೂತಿರತ್ತೆ.

ನಾನು ದಿನವಿಡೀ ಬಳಸೋದು ಇಮ್ಯಾಕ್ಸ್ ಅನ್ನೋ ಎಡಿಟರ್, ಅರ್ಧ ಹೊತ್ತು ಕೋಡ್, ಇನ್ನರ್ಧ ಹೊತ್ತು ಕನ್ನಡದಲ್ಲಿ ಬರವಣಿಗೆ ಮತ್ತು ಅನುವಾದ, ಹಾಗಾಗಿ ಅದರ ಮೇಲೇ ಬರೀತೀನಿ. ಫೋಕಸ್ ಹೇಗೆ ಕೆಲಸ ಮಾಡತ್ತೆ ಅಂತ ಅರ್ಥ ಮಾಡ್ಕೊಳ್ಳೋಕೆ ಇಮ್ಯಾಕ್ಸ್‌ಗಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ, ಯಾಕಂದ್ರೆ ಅಲ್ಲಿ ಎಲ್ಲ ಪದರಗಳೂ ಬಿಚ್ಚಿ ಇಟ್ಟಿರತ್ತೆ, ಒಂದೊಂದನ್ನೂ ಕೈ ಹಾಕಿ ನೋಡ್ಬೋದು.

ಮೊದಲು ಹೆಸರುಗಳನ್ನ ಬೇಗ ಮುಗಿಸಿಬಿಡೋಣ. ಇಮ್ಯಾಕ್ಸ್ ಶುರುವಾಗಿದ್ದು 1976ರಲ್ಲಿ ಎಂಐಟಿಯ ಎಐ ಲ್ಯಾಬ್‌ನಲ್ಲಿ, ಈಗ ನಾವು ಬಳಸೋ ಗ್ನೂ ಇಮ್ಯಾಕ್ಸ್ ಹೊರಗೆ ಬಂದಿದ್ದು 1985ರಲ್ಲಿ, ಆಗೆಲ್ಲ ಕೆಲಸ ನಡೀತಿದ್ದಿದ್ದು ಹೆಚ್ಚಾಗಿ ಟರ್ಮಿನಲ್ ಮೇಲೆ. ಹಾಗಾಗಿ ಸ್ಕ್ರೀನ್ ಒಡೆದು ಮಾಡಿದ ಒಂದೊಂದು ತುಂಡಿಗೆ ಅಲ್ಲಿ ವಿಂಡೋ ಅಂತಾರೆ, ನಾವು ಡೆಸ್ಕ್‌ಟಾಪ್‌ನಲ್ಲಿ ವಿಂಡೋ ಅನ್ನೋದಕ್ಕೆ ಅಲ್ಲಿ ಫ್ರೇಮ್ ಅಂತಾರೆ. ಒಂದು ಫ್ರೇಮ್ ಒಳಗೆ ಹಲವು ವಿಂಡೋ, ಒಂದೊಂದು ವಿಂಡೋದಲ್ಲಿ ಒಂದು ಬಫರ್, ಬಫರ್ ಅಂದ್ರೆ ನಿಜವಾದ ಪಠ್ಯ ಇರೋ ಜಾಗ. ಇಷ್ಟು ಸಾಕು.

ಈಗ ಒಂದು ಕೀ ಒತ್ತಿದಾಗ ಏನಾಗತ್ತೆ ನೋಡಿ. ಅದು ನೇರ ನಿಮ್ಮ ಬಫರ್‌ಗೆ ಹೋಗಲ್ಲ, ಮೊದಲು ಆಪರೇಟಿಂಗ್ ಸಿಸ್ಟಮ್ ಕಡೆಯವರು ಅದನ್ನ ಯಾವ ಫ್ರೇಮ್‌ಗೆ ಕೊಡ್ಬೇಕು ಅಂತ ನಿರ್ಧಾರ ಮಾಡ್ತಾರೆ, ಆಮೇಲೆ ಆ ಫ್ರೇಮ್ ಒಳಗೆ ಯಾವ ವಿಂಡೋಗೆ ಅಂತ ಇಮ್ಯಾಕ್ಸ್ ನಿರ್ಧಾರ ಮಾಡತ್ತೆ. ಈ ಎರಡು ನಿರ್ಧಾರಗಳೂ ಬೇರೆ ಬೇರೆ ಕಡೆ, ಬೇರೆ ಬೇರೆ ನಿಯಮದ ಮೇಲೆ ನಡೆಯೋದು. ಇದೊಂದು ಮಾತು ತಲೇಲಿ ಕೂತ್ರೆ ಫೋಕಸ್ ಬಗ್ಗೆ ಇರೋ ಮುಕ್ಕಾಲು ಗೊಂದಲ ಅಲ್ಲೇ ಹೋಗತ್ತೆ.

ಲಿನಕ್ಸ್‌ನಲ್ಲಿ ಸ್ಕ್ರೀನ್, ಕೀಬೋರ್ಡ್ ನೋಡ್ಕೊಳ್ಳೋ ಹಳೇ ಎಕ್ಸ್11 ವ್ಯವಸ್ಥೆ ತಗೊಂಡ್ರೆ (ಇಲ್ಲಿ ವಿಂಡೋ ಅಂದ್ರೆ ಡೆಸ್ಕ್‌ಟಾಪ್ ಅರ್ಥದ ವಿಂಡೋ), ಫೋಕಸ್ ಯಾರ ಹತ್ರ ಇದೆ ಅಂತ ಎಕ್ಸ್ ಸರ್ವರ್ ನೆನಪಿಟ್ಕೊಂಡಿರತ್ತೆ, ಅದನ್ನ ಬದಲಾಯಿಸೋಕೆ ಎಕ್ಸ್‌ಸೆಟ್‌ಇನ್‌ಪುಟ್‌ಫೋಕಸ್ ಅಂತ ಒಂದು ಕಾಲ್ ಇದೆ, ಸಾಮಾನ್ಯವಾಗಿ ವಿಂಡೋಗಳನ್ನ ಜೋಡಿಸಿಡೋ ವಿಂಡೋ ಮ್ಯಾನೇಜರ್ ಅದನ್ನ ಮಾಡೋದು, ಆದ್ರೆ ಬೇರೆ ಯಾವ ಪ್ರೋಗ್ರಾಂ ಬೇಕಾದ್ರೂ ಅದನ್ನ ಮಾಡ್ಬೋದು ಅನ್ನೋದೇ ಅಲ್ಲಿರೋ ದೊಡ್ಡ ತೂತು. ನೀವು ಒಂದು ವಾಕ್ಯದ ಮಧ್ಯೆ ಇರ್ತೀರ, ಯಾವ್ದೋ ಅಪ್ಲಿಕೇಶನ್ ಡೈಲಾಗ್ ಎಸೆದು ಫೋಕಸ್ ಎಳ್ಕೊಳ್ಳತ್ತೆ, ನೀವು ಒತ್ತಿದ ಎಂಟರ್ ಹೋಗಿ ಅದರ ಓಕೆ ಬಟನ್ ಮೇಲೆ ಬೀಳತ್ತೆ. ಇದನ್ನ ತಡೆಯೋಕೆ ವಿಂಡೋ ಮ್ಯಾನೇಜರ್‌ಗಳು, ನೀವು ಕೊನೇ ಸಲ ಯಾವ ವಿಂಡೋ ಜೊತೆ ಯಾವಾಗ ಕೆಲಸ ಮಾಡಿದ್ರಿ ಅಂತ ಸಮಯ ಹೋಲಿಸಿ ನೋಡೋ ಲೆಕ್ಕಾಚಾರ ಎಲ್ಲ ಇಟ್ಕೊಂಡಿವೆ, ಆದ್ರೂ ಅದು ತೇಪೆ ಹಚ್ಚೋ ಕೆಲಸಾನೇ. ಅದರ ಜಾಗಕ್ಕೆ ಬಂದಿರೋ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲಿ ಈ ಅಧಿಕಾರವನ್ನೇ ಪ್ರೋಗ್ರಾಂಗಳ ಕೈಯಿಂದ ತೆಗೆದುಬಿಟ್ರು. ಅಲ್ಲಿ ಎಲ್ಲ ವಿಂಡೋಗಳನ್ನ ಸ್ಕ್ರೀನ್ ಮೇಲೆ ಸೇರಿಸಿ ತೋರಿಸೋ ಕಂಪೋಸಿಟರ್ ಹೇಳಿದ್ದೇ ಅಂತಿಮ, ಕೀಬೋರ್ಡ್ ನಿನ್ನ ಹತ್ರ ಬಂತು ಅಂತ ಎಂಟರ್ ಅನ್ನೋ ಒಂದು ಸುದ್ದಿ ಬರತ್ತೆ, ಹೋಯ್ತು ಅಂತ ಲೀವ್ ಅನ್ನೋ ಇನ್ನೊಂದು ಸುದ್ದಿ ಬರತ್ತೆ, ಬಂದಾಗ ಜೊತೆಗೆ ಆ ಕ್ಷಣಕ್ಕೆ ಯಾವ ಯಾವ ಕೀ ಒತ್ತಿ ಹಿಡಿದಿದ್ದಾರೆ ಅನ್ನೋ ಪಟ್ಟಿನೂ ಕೊಡ್ತಾರೆ. ಪ್ರೋಗ್ರಾಂಗೆ ಫೋಕಸ್ ಬೇಕೇ ಬೇಕು ಅಂದ್ರೆ ಆಕ್ಟಿವೇಶನ್ ಟೋಕನ್ ಅನ್ನೋ ಚೀಟಿ ಹಿಡ್ಕೊಂಡು ಕೇಳ್ಬೇಕು, ಕೊಡೋದು ಬಿಡೋದು ಕಂಪೋಸಿಟರ್‌ಗೆ ಬಿಟ್ಟಿದ್ದು. ಇದರಿಂದ ಸಣ್ಣಪುಟ್ಟ ತೊಂದರೆ ಆಗತ್ತೆ ನಿಜ, ಆಗಲೇ ಓಡ್ತಿರೋ ಇಮ್ಯಾಕ್ಸ್‌ನಲ್ಲಿ ಫೈಲ್ ತೆರೆಯೋ ಇಮ್ಯಾಕ್ಸ್‌ಕ್ಲೈಂಟ್ ಕಮಾಂಡನ್ನ ಟರ್ಮಿನಲ್‌ನಿಂದ ಕೊಟ್ರೆ ಕಂಪೋಸಿಟರ್ ಒಪ್ಪದೇ ಹೋದಾಗ ಫ್ರೇಮ್ ಹಿಂದೇನೇ ಉಳಿಯತ್ತೆ, ನಾವೇ ಆಲ್ಟ್-ಟ್ಯಾಬ್ ಹೊಡೆದು ಹೋಗ್ಬೇಕು. ನನಗೆ ಅದು ಒಪ್ಪಿಗೆ. ಬರೀತಿರೋ ಮನುಷ್ಯನ ಕೈಕೆಳಗಿಂದ ಕೀಬೋರ್ಡ್ ಎಳ್ಕೊಳ್ಳೋ ಹಕ್ಕು ಯಾವ ಪ್ರೋಗ್ರಾಂಗೂ ಇರಬಾರದು.

ಇಮ್ಯಾಕ್ಸನ್ನ ಬೇಕಾದ ಹಾಗೆ ಬದಲಾಯಿಸೋಕೆ ಬಳಸೋ ಇಮ್ಯಾಕ್ಸ್ ಲಿಸ್ಪ್ ಭಾಷೆಯಲ್ಲೂ ಈ ಎರಡು ಪದರದ ವ್ಯತ್ಯಾಸ ಕಣ್ಣಿಗೆ ಕಾಣತ್ತೆ. ಸೆಲೆಕ್ಟ್-ಫ್ರೇಮ್ ಅಂತ ಒಂದು ಫಂಕ್ಷನ್ ಇದೆ, ಅದು ಇಮ್ಯಾಕ್ಸ್ ಒಳಗಿನ ಲೆಕ್ಕದಲ್ಲಿ ಮಾತ್ರ ಫ್ರೇಮ್ ಬದಲಾಯಿಸತ್ತೆ. ಸೆಲೆಕ್ಟ್-ಫ್ರೇಮ್-ಸೆಟ್-ಇನ್‌ಪುಟ್-ಫೋಕಸ್ ಅಂತ ಇನ್ನೊಂದಿದೆ, ಅದು ಫ್ರೇಮ್ ಮುಂದೆ ತಂದು ಆಪರೇಟಿಂಗ್ ಸಿಸ್ಟಮ್ ಹತ್ರಾನೂ ಹೋಗಿ ಫೋಕಸ್ ಕೊಡಿ ಅಂತ ಕೇಳತ್ತೆ. ಮೊದಲನೇದನ್ನ ಬರೆದು, ಯಾಕೆ ಕೀ ಹಳೇ ಫ್ರೇಮ್‌ಗೇ ಹೋಗ್ತಿದೆ ಅಂತ ಕೇಳೋರು ತುಂಬಾ ಜನ ಸಿಗ್ತಾರೆ, ಉತ್ತರ ಇಷ್ಟೇ, ಒಳಗಿನ ಆಯ್ಕೆ ಬೇರೆ, ಹೊರಗಿನ ಫೋಕಸ್ ಬೇರೆ.

ಇಲ್ಲಿ ನನಗೆ ತುಂಬಾ ಇಷ್ಟ ಆಗೋ ಒಂದು ಸಣ್ಣ ವಿಷ್ಯ ಇದೆ. ಇಮ್ಯಾಕ್ಸ್‌ನಲ್ಲಿ ಎಷ್ಟೋ ಕಮಾಂಡ್‌ಗೆ ಒಂದಾದ ಮೇಲೆ ಒಂದು ಕೀ ಒತ್ತಬೇಕು. ನೀವು ಮೊದಲನೇ ಕೀ ಕಂಟ್ರೋಲ್-ಎಕ್ಸ್ ಒತ್ತಿದೀರ ಅಂದ್ಕೊಳ್ಳಿ, ಇನ್ನೂ ಎರಡನೇ ಕೀ ಒತ್ತಿಲ್ಲ, ಅಷ್ಟರಲ್ಲಿ ಫ್ರೇಮ್ ಬದಲಾಯ್ತು. ಈಗ ಆ ಫೋಕಸ್ ಬದಲಾದ ಸುದ್ದಿ ಕೀಗಳ ಸಾಲಿನ ಮಧ್ಯದಲ್ಲಿ ನುಗ್ಗಿದ್ರೆ ಕಮಾಂಡ್ ಅಲ್ಲೇ ಮುರಿದುಹೋಗತ್ತೆ. ಹಾಗಾಗಬಾರದು ಅಂತ ಇಮ್ಯಾಕ್ಸ್ ಆ ಸುದ್ದಿಯನ್ನ ಕೀ ಸರಣಿಗೆ ಮುಂಚೆ ಇಲ್ಲಾ ಆದಮೇಲೆ ಬಂದ ಹಾಗೆ ಜರುಗಿಸಿ ಇಡತ್ತೆ, ಮಧ್ಯದಲ್ಲಿ ಬರೋಕೆ ಬಿಡೋದೇ ಇಲ್ಲ. ಮ್ಯಾನ್ಯುಅಲ್‌ನಲ್ಲಿ ಎರಡು ಮೂರು ಸಾಲಲ್ಲಿ ಮುಗಿಯೋ ವಿಷ್ಯ, ಆದ್ರೆ ಅದನ್ನ ಬರೆದವರು ಕೀಬೋರ್ಡ್ ಮುಂದೆ ಕೂತಿರೋ ಮನುಷ್ಯನ ಬಗ್ಗೆ ಎಷ್ಟು ಯೋಚನೆ ಮಾಡಿದ್ದಾರೆ ಅನ್ನೋದು ಅದರಲ್ಲೇ ಗೊತ್ತಾಗತ್ತೆ.

ಇನ್ನು ಫ್ರೇಮ್ ಒಳಗೆ ಬನ್ನಿ. ಯಾವ ಕ್ಷಣದಲ್ಲಿ ನೋಡಿದ್ರೂ ಇಮ್ಯಾಕ್ಸ್‌ನಲ್ಲಿ ಸೆಲೆಕ್ಟೆಡ್ ವಿಂಡೋ ಅಂತ ಒಂದು ಇದ್ದೇ ಇರತ್ತೆ, ಒಂದೇ ಇರತ್ತೆ. ಪ್ರತಿ ಫ್ರೇಮ್‌ಗೂ ತನ್ನದೇ ಒಂದು ಸೆಲೆಕ್ಟೆಡ್ ವಿಂಡೋ ಇರತ್ತೆ, ಅದರಲ್ಲಿ ಸೆಲೆಕ್ಟೆಡ್ ಫ್ರೇಮ್‌ನದ್ದು ಯಾವ್ದೋ ಅದೇ ನಿಜವಾದ ಸೆಲೆಕ್ಟೆಡ್ ವಿಂಡೋ, ನೀವು ಟೈಪ್ ಮಾಡಿದ್ದು ಹೋಗೋದು ಅಲ್ಲಿಗೆ. ಕಣ್ಣಿಗೆ ಗೊತ್ತಾಗೋದು ಕರ್ಸರ್‌ನಿಂದ. ಡೀಫಾಲ್ಟ್ ಥೀಮ್‌ನಲ್ಲಿ ನೋಡಿ, ಆಯ್ಕೆಯಾದ ವಿಂಡೋದಲ್ಲಿ ಕರ್ಸರ್ ತುಂಬಿದ ಚೌಕ, ಪಕ್ಕದ ವಿಂಡೋದಲ್ಲಿ ಬರೀ ಅಂಚಿರೋ ಖಾಲಿ ಚೌಕ, ಜೊತೆಗೆ ಅದರ ಮೋಡ್ ಲೈನ್, ಅಂದ್ರೆ ವಿಂಡೋ ಕೆಳಗಿನ ಮಾಹಿತಿ ಪಟ್ಟಿ, ಅದರ ಬಣ್ಣಾನೂ ಸ್ವಲ್ಪ ಮಂಕು. ಈಗ ಆಲ್ಟ್-ಟ್ಯಾಬ್ ಒತ್ತಿ ಬ್ರೌಸರ್‌ಗೆ ಹೋಗಿ ಇಮ್ಯಾಕ್ಸ್ ಕಡೆ ತಿರುಗಿ ನೋಡಿದ್ರೆ ಆ ತುಂಬಿದ ಚೌಕಾನೂ ಖಾಲಿಯಾಗಿರತ್ತೆ. ಅಂದ್ರೆ ಇಮ್ಯಾಕ್ಸ್ ಲೆಕ್ಕದಲ್ಲಿ ಆ ವಿಂಡೋ ಇನ್ನೂ ಸೆಲೆಕ್ಟೆಡ್ಡೇ, ಆದ್ರೆ ಹೊರಗಿನ ಫೋಕಸ್ ಇಲ್ಲ. ಎರಡು ಪದರಗಳ ಉತ್ತರವೂ ಒಂದು ಸಣ್ಣ ಚೌಕದಲ್ಲಿ ಬಂತು. ತುಂಬಾ ಜನ ಚೆನ್ನಾಗಿ ಕಾಣ್ಲಿ ಅಂತ ಥೀಮ್ ಹಾಕ್ಕೊಂಡು ಈ ವ್ಯತ್ಯಾಸವನ್ನೇ ಅಳಿಸಿಹಾಕ್ತಾರೆ, ಎರಡೂ ಮೋಡ್ ಲೈನ್ ಒಂದೇ ಬಣ್ಣ, ದಯವಿಟ್ಟು ಹಾಗೆ ಮಾಡ್ಬೇಡಿ, ಅದು ಅಲಂಕಾರ ಅಲ್ಲ.

ಒಂದೇ ಬಫರ್ ಎರಡು ವಿಂಡೋದಲ್ಲಿ ಇಟ್ಟು ನೋಡಿ, ಕಂಟ್ರೋಲ್-ಎಕ್ಸ್ 2 ಒತ್ತಿದ್ರೆ ಸಾಕು. ಮೇಲಿನದ್ರಲ್ಲಿ ಲೇಖನದ ಶುರು, ಕೆಳಗಿನದ್ರಲ್ಲಿ ಕೊನೆ. ಪಠ್ಯ ಒಂದೇ, ಇಲ್ಲಿ ಟೈಪ್ ಮಾಡಿದ್ದು ಅಲ್ಲೂ ಬದಲಾಗತ್ತೆ, ಆದ್ರೆ ಕರ್ಸರ್ ಇರೋ ಜಾಗ ಮಾತ್ರ ವಿಂಡೋ ವಿಂಡೋಗೂ ಬೇರೆ. ಆ ಜಾಗಕ್ಕೆ ಪಾಯಿಂಟ್ ಅಂತಾರೆ, ಪ್ರತಿ ವಿಂಡೋ ತನ್ನ ಪಾಯಿಂಟ್ ತಾನೇ ಇಟ್ಕೊಂಡಿರತ್ತೆ, ಫೋಕಸ್ ಬಂದಾಗ ಆ ವಿಂಡೋದ ಪಾಯಿಂಟೇ ಬಫರ್‌ನ ಪಾಯಿಂಟ್ ಆಗತ್ತೆ, ಹೋದಾಗ ಜಾಗ ನೆನಪಿಟ್ಕೊಳ್ಳತ್ತೆ. ಉದ್ದ ಬರಹ ತಿದ್ದೋವಾಗ ಇದರ ಉಪಯೋಗ ಹೇಳತೀರದು.

ಲಿಸ್ಪ್ ಬರೆಯೋರಿಗೆ ಇನ್ನೊಂದು ಪದರ ಇದೆ, ಕರೆಂಟ್ ಬಫರ್ ಅಂತ. ಸೆಟ್-ಬಫರ್ ಮಾಡಿದ್ರೆ ಪ್ರೋಗ್ರಾಂ ಬೇರೆ ಬಫರ್ ಒಳಗೆ ಕೆಲಸ ಮಾಡತ್ತೆ, ಸ್ಕ್ರೀನ್ ಮೇಲೆ ಏನೂ ಬದಲಾಗಲ್ಲ, ಕಮಾಂಡ್ ಮುಗಿದ ತಕ್ಷಣ ಕಮಾಂಡ್ ಲೂಪ್ ಸೆಲೆಕ್ಟೆಡ್ ವಿಂಡೋದಲ್ಲಿ ಯಾವ ಬಫರ್ ಇದೆಯೋ ಅದನ್ನೇ ಮತ್ತೆ ಕರೆಂಟ್ ಮಾಡತ್ತೆ. ಪ್ರೋಗ್ರಾಂ ಎಲ್ಲೆಲ್ಲಿ ಓಡಾಡಿದ್ರೂ ಬರೀತಿರೋ ಮನುಷ್ಯನ ಜಾಗ ಕದಲಲ್ಲ. ಒಳ್ಳೇ ಪ್ಯಾಕೇಜ್‌ಗಳು ವಿಂಡೋ ಬದಲಾಯಿಸ್ಲೇಬೇಕಾದ್ರೆ ವಿತ್-ಸೆಲೆಕ್ಟೆಡ್-ವಿಂಡೋ ಅನ್ನೋ ಮ್ಯಾಕ್ರೋ ಒಳಗೆ ಮಾಡಿ, ಮುಗಿದಮೇಲೆ ಇದ್ದಲ್ಲಿಗೇ ತಂದು ಬಿಡ್ತವೆ.

ಹೊಸ ವಿಂಡೋ ತೋರಿಸೋದು ಮತ್ತೆ ಅದಕ್ಕೆ ಫೋಕಸ್ ಕೊಡೋದು, ಇವೆರಡನ್ನ ಇಮ್ಯಾಕ್ಸ್ ಬೇರೆ ಬೇರೆ ಇಟ್ಟಿದೆ. ಡಿಸ್ಪ್ಲೇ-ಬಫರ್ ಅಂದ್ರೆ ಬರೀ ತೋರಿಸು, ಪಾಪ್-ಟು-ಬಫರ್ ಅಂದ್ರೆ ತೋರಿಸಿ ಅಲ್ಲಿಗೆ ಹೋಗು. ಹೆಲ್ಪ್ ಕೇಳಿದ್ರೆ ಪಕ್ಕದಲ್ಲಿ ಹೆಲ್ಪ್ ವಿಂಡೋ ತೆರೆಯತ್ತೆ, ಆದ್ರೆ ಕರ್ಸರ್ ನಿಮ್ಮ ಕೋಡ್‌ನಲ್ಲೇ ಇರತ್ತೆ, ಮೆಟಾ-ಕಂಟ್ರೋಲ್-ವಿ (ಮೆಟಾ ಅಂದ್ರೆ ಸಾಮಾನ್ಯವಾಗಿ ಆಲ್ಟ್ ಕೀ) ಒತ್ತಿದ್ರೆ ಫೋಕಸ್ ಬದಲಾಯಿಸದೇ ಪಕ್ಕದ ವಿಂಡೋ ಸ್ಕ್ರಾಲ್ ಆಗತ್ತೆ. ಹೊಸಬರಿಗೆ ಇದು ಕಿರಿಕಿರಿ, ಕ್ಯೂ ಒತ್ತಿ ಹೆಲ್ಪ್ ಮುಚ್ಚೋಣ ಅಂತ ಹೋದ್ರೆ ಕೋಡ್‌ನಲ್ಲಿ ಕ್ಯೂ ಅಕ್ಷರ ಬೀಳತ್ತೆ. ಹೆಲ್ಪ್-ವಿಂಡೋ-ಸೆಲೆಕ್ಟ್ ಅನ್ನೋ ವೇರಿಯಬಲ್‌ಗೆ ಟಿ (ಲಿಸ್ಪ್‌ನಲ್ಲಿ ಹೌದು ಅಂತ) ಕೊಟ್ರೆ ಫೋಕಸ್ ಹೆಲ್ಪ್‌ಗೇ ಹೋಗತ್ತೆ, ನಾನೂ ಅದನ್ನ ಹಾಗೇ ಇಟ್ಕೊಂಡಿದ್ದೀನಿ, ಯಾಕಂದ್ರೆ ಹೆಲ್ಪ್ ಕೇಳಿದ್ದು ನಾನೇ. ಆದ್ರೆ ಕಂಪೈಲ್ ಔಟ್‌ಪುಟ್, ವಾರ್ನಿಂಗ್, ಇಂಥವು ಬಂದಾಗ ತೋರಿಸಿ ಸುಮ್ಮನಿರೋದೇ ಸರಿ. ಇನ್ನೊಂದು ವಿಷ್ಯ ತುಂಬಾ ಜನ ಗಮನಿಸಿರಲ್ಲ, ಯಾವ ವಿಂಡೋಗೆ ಯಾವಾಗ ಹೋಗಿದ್ರಿ ಅನ್ನೋ ಲೆಕ್ಕ ಇಮ್ಯಾಕ್ಸ್ ಇಟ್ಟಿರತ್ತೆ, ಹೊಸ ಬಫರ್ ತೋರಿಸೋಕೆ ಇರೋ ವಿಂಡೋಗಳಲ್ಲೇ ಒಂದನ್ನ ಆರಿಸ್ಬೇಕಾದಾಗ ಸಾಮಾನ್ಯವಾಗಿ ತುಂಬಾ ಹೊತ್ತಿಂದ ನೀವು ಮುಟ್ಟದೇ ಇರೋದನ್ನ ಹುಡುಕತ್ತೆ. ನೀವು ಫೋಕಸ್ ಇಟ್ಟ ಹಾದಿಯೇ ಮುಂದೆ ಸ್ಕ್ರೀನ್ ಹೇಗೆ ಕಾಣ್ಬೇಕು ಅನ್ನೋದನ್ನ ತೀರ್ಮಾನ ಮಾಡತ್ತೆ.

ಈಗ ಮಿನಿಬಫರ್, ಕೆಳಗಿನ ಆ ಒಂದು ಸಾಲು. ಅದೂ ಒಂದು ವಿಂಡೋನೇ. ಹೆಸರು ಬರೆದು ಕಮಾಂಡ್ ನಡೆಸೋಕೆ ಮೆಟಾ-ಎಕ್ಸ್ ಒತ್ತಿದಾಗ ಫೋಕಸ್ ಅಲ್ಲಿಗೆ ಹೋಗತ್ತೆ, ಎಂಟರ್ ಒತ್ತಿದಮೇಲೆ ಮುಂಚೆ ಇದ್ದ ವಿಂಡೋಗೆ ವಾಪಸ್ ಬರತ್ತೆ. ಅರ್ಧದಲ್ಲಿ ಕಂಟ್ರೋಲ್-ಎಕ್ಸ್ ಓ ಒತ್ತಿ ಮೇಲಿನ ಬಫರ್‌ಗೆ ಹೋಗ್ಬೋದು, ಅಲ್ಲಿಂದ ಒಂದು ಹೆಸರು ಕಾಪಿ ಮಾಡ್ಕೊಂಡು ವಾಪಸ್ ಬಂದು ಪೇಸ್ಟ್ ಮಾಡ್ಬೋದು, ಅಷ್ಟೊತ್ತೂ ಮಿನಿಬಫರ್ ಪ್ರಶ್ನೆ ತೆರೆದೇ ಇರತ್ತೆ. ಇದು ಗೊತ್ತಿಲ್ಲದೇ ಮೌಸ್‌ನಿಂದ ಬಫರ್ ಮೇಲೆ ಕ್ಲಿಕ್ ಮಾಡಿ ಕೆಲಸ ಮುಂದುವರಿಸಿದವರು ಸ್ವಲ್ಪ ಹೊತ್ತಾದಮೇಲೆ ಮತ್ತೆ ಮೆಟಾ-ಎಕ್ಸ್ ಒತ್ತಿದ್ರೆ, ಮಿನಿಬಫರ್ ಒಳಗಿದ್ದೇ ಮಿನಿಬಫರ್ ಬಳಸೋಕೆ ಹೊರಟಿದ್ದೀರ ಅನ್ನೋ ಅರ್ಥದ ಎರರ್ ಬರತ್ತೆ, ಅದಕ್ಕೆ ಮುಂಚೆ, ರದ್ದು ಮಾಡೋ ಕಂಟ್ರೋಲ್-ಜಿ ಎಷ್ಟು ಒತ್ತಿದ್ರೂ ಆ ಹಳೇ ಪ್ರಶ್ನೆ ಹೋಗಲ್ಲ, ಯಾಕಂದ್ರೆ ಫೋಕಸ್ ಅಲ್ಲಿಲ್ಲ, ಕಂಟ್ರೋಲ್-ಜಿ ಬೀಳ್ತಿರೋದು ಮೇಲಿನ ವಿಂಡೋದಲ್ಲಿ. ಎಲ್ಲಿಂದ ಬೇಕಾದ್ರೂ ಕೆಲಸ ಮಾಡೋದು ಕಂಟ್ರೋಲ್ ಮತ್ತು ಮುಚ್ಚೋ ಚೌಕ ಬ್ರ್ಯಾಕೆಟ್, ಅದು ತೆರೆದಿರೋ ಮಿನಿಬಫರನ್ನ ಮುಚ್ಚತ್ತೆ. ಮಿನಿಬಫರ್‌ಗೆ ಬೇರೆ ಫ್ರೇಮೇ ಇಟ್ಕೊಳ್ಳೋರೂ ಇದ್ದಾರೆ, ಆಗ ಆಪರೇಟಿಂಗ್ ಸಿಸ್ಟಮ್ ಕೀ ಕೊಡೋದು ಒಂದು ಫ್ರೇಮ್‌ಗೆ, ಅದು ಸೇರ್ಬೇಕಾಗಿರೋದು ಇನ್ನೊಂದಕ್ಕೆ, ಅದಕ್ಕೇ ಫೋಕಸ್ ರೀಡೈರೆಕ್ಟ್ ಮಾಡೋ ವ್ಯವಸ್ಥೇನೂ ಒಳಗೆ ಇದೆ.

ಫೋಕಸ್ ವಿಷ್ಯದಲ್ಲಿ ಇಮ್ಯಾಕ್ಸ್ ತಪ್ಪು ಮಾಡಿದೆ ಅಂತ ನನಗನ್ಸೋ ಜಾಗ ಈಡಿಫ್. ಎರಡು ಫೈಲ್ ಹೋಲಿಸೋಕೆ ಅಂತ ಇರೋ ಒಳ್ಳೇ ಟೂಲ್, ಆದ್ರೆ ಗ್ರಾಫಿಕಲ್ ಡಿಸ್ಪ್ಲೇನಲ್ಲಿ ಅದರ ಮಲ್ಟಿಫ್ರೇಮ್ ವ್ಯವಸ್ಥೆ ಕಂಟ್ರೋಲ್ ಪ್ಯಾನಲನ್ನ ಒಂದು ಪುಟಾಣಿ ಪ್ರತ್ಯೇಕ ಫ್ರೇಮ್‌ನಲ್ಲಿ ಇಡತ್ತೆ. ಮುಂದಿನ ವ್ಯತ್ಯಾಸಕ್ಕೆ ಎನ್, ಹಿಂದಿನದಕ್ಕೆ ಪಿ, ಇವೆಲ್ಲ ಕೆಲಸ ಮಾಡೋದು ಆ ಪುಟಾಣಿ ಫ್ರೇಮ್‌ಗೆ ಫೋಕಸ್ ಇದ್ದಾಗ ಮಾತ್ರ, ಫೋಕಸ್ ಆ ಕಡೆ ಈ ಕಡೆ ಜಾರಿ ಫೈಲ್ ಇರೋ ವಿಂಡೋಗೆ ಬಂದಿದ್ರೆ ನೀವು ಒತ್ತಿದ ಎನ್ ಫೈಲ್ ಒಳಗೇ ಅಕ್ಷರವಾಗಿ ಸೇರತ್ತೆ. ಎಲ್ಲವನ್ನೂ ಪಕ್ಕಪಕ್ಕ ಸ್ಕ್ರೀನ್ ತುಂಬ ಜೋಡಿಸೋ ಟೈಲಿಂಗ್ ವಿಂಡೋ ಮ್ಯಾನೇಜರ್ ಬಳಸೋರಿಗಂತೂ ಆ ಪುಟಾಣಿ ಫ್ರೇಮ್ ಅರ್ಧ ಸ್ಕ್ರೀನ್ ತಿಂದುಬಿಡತ್ತೆ. ಈಡಿಫ್-ವಿಂಡೋ-ಸೆಟಪ್-ಫಂಕ್ಷನ್‌ಗೆ ಈಡಿಫ್-ಸೆಟಪ್-ವಿಂಡೋಸ್-ಪ್ಲೇನ್ ಅಂತ ಕೊಟ್ಬಿಡಿ, ಎಲ್ಲ ಒಂದೇ ಫ್ರೇಮ್‌ಗೆ ಬರತ್ತೆ, ಹೊರಗಿನ ಫೋಕಸ್ ವಿಷ್ಯ ಅಲ್ಲಿಗೆ ಮುಗೀತು.

ಮೌಸ್ ಹೋದ ಕಡೆ ಫೋಕಸ್ ಹೋಗ್ಬೇಕು ಅನ್ನೋರಿಗೆ ಮೌಸ್-ಆಟೋಸೆಲೆಕ್ಟ್-ವಿಂಡೋ ಇದೆ, ಡೀಫಾಲ್ಟ್ ಆಗಿ ಆಫ್. ಟಿ ಕೊಟ್ರೆ ತಕ್ಷಣ, ಒಂದು ಸಂಖ್ಯೆ ಕೊಟ್ರೆ ಅಷ್ಟು ಸೆಕೆಂಡ್ ತಡೆದು, ನೆಗೆಟಿವ್ ಸಂಖ್ಯೆ ಕೊಟ್ರೆ ಮೌಸ್ ನಿಂತಮೇಲೆ. ನಾನು ಲ್ಯಾಪ್‌ಟಾಪ್ ಟಚ್‌ಪ್ಯಾಡ್ ಮೇಲೆ ಕೈ ತಾಗಿಸ್ಕೊಂಡು ಟೈಪ್ ಮಾಡೋನು, ನನಗೆ ಬೇಡ. ಕಂಟ್ರೋಲ್-ಎಕ್ಸ್ ಓ, ಇಲ್ಲಾ ಶಿಫ್ಟ್ ಜೊತೆ ಬಾಣದ ಕೀ ಬಳಸೋ ವಿಂಡ್‌ಮೂವ್, ಇಷ್ಟು ಸಾಕಾಗತ್ತೆ. 28ನೇ ಆವೃತ್ತಿಯಿಂದ ರಿಪೀಟ್-ಮೋಡ್ ಆನ್ ಮಾಡಿದ್ರೆ ಕಂಟ್ರೋಲ್-ಎಕ್ಸ್ ಒಂದ್ಸಲ ಒತ್ತಿ ಆಮೇಲೆ ಬರೀ ಓ ಓ ಓ ಅಂತ ಒತ್ಕೊಂಡು ಹೋಗ್ಬೋದು.

ಬೇರೆ ಎಡಿಟರ್‌ಗಳಲ್ಲೂ ಇದೇ ಕಥೆ, ರೂಪ ಬೇರೆ. ವಿಎಸ್ ಕೋಡ್‌ನಲ್ಲಿ ಶಾರ್ಟ್‌ಕಟ್‌ಗಳಿಗೆ ಎಡಿಟರ್‌ನಲ್ಲಿ ಫೋಕಸ್ ಇದ್ರೆ, ಟರ್ಮಿನಲ್‌ನಲ್ಲಿ ಇದ್ರೆ ಅಂತ ವೆನ್ ಷರತ್ತು ಹಾಕ್ಬೋದು, ಅದೇ ಕೀ ಎರಡು ಜಾಗದಲ್ಲಿ ಎರಡು ಕೆಲಸ ಮಾಡೋದು ಅದಕ್ಕೆ. ಅಲ್ಲಿ ಕಂಟ್ರೋಲ್-ಎಂ ಒತ್ತಿದ್ರೆ ಟ್ಯಾಬ್ ಕೀ ಅಕ್ಷರ ಹಾಕೋದು ಬಿಟ್ಟು ಫೋಕಸ್ ಮುಂದಕ್ಕೆ ಒಯ್ಯೋಕೆ ಶುರು ಮಾಡತ್ತೆ, ಸ್ಕ್ರೀನ್ ರೀಡರ್ ಬಳಸೋರಿಗೆ, ಮೌಸ್ ಹಿಡಿಯೋಕಾಗದವರಿಗೆ ಇದಿಲ್ಲದೇ ಎಡಿಟರ್ ಒಳಗೆ ಹೋದ್ರೆ ಟ್ಯಾಬ್ ಒತ್ತಿ ಹೊರಗೆ ಬರೋ ದಾರಿನೇ ಇರಲ್ಲ. ಟರ್ಮಿನಲ್ ಒಳಗೆ ಎಡಿಟರ್ ನಡೆಸೋರಿಗೆ, ಫೋಕಸ್ ಬಂತು ಹೋಯ್ತು ಅಂತ ಟರ್ಮಿನಲ್ಲೇ ಎಸ್ಕೇಪ್ ಸೀಕ್ವೆನ್ಸ್ ಅನ್ನೋ ವಿಶೇಷ ಅಕ್ಷರಗಳ ಮೂಲಕ ಹೇಳತ್ತೆ, ಮಧ್ಯೆ ಟರ್ಮಿನಲ್ಲನ್ನ ತುಂಡು ಮಾಡೋ ಟಿಮಕ್ಸ್ ಇದ್ರೆ ಅದರಲ್ಲಿ ಫೋಕಸ್-ಇವೆಂಟ್ಸ್ ಆನ್ ಮಾಡಿರ್ಬೇಕು. ಫೋಕಸ್ ಹೋದಾಗ ಫೈಲ್ ತಾನಾಗೇ ಸೇವ್ ಆಗ್ಲಿ ಅನ್ನೋರು ಇಮ್ಯಾಕ್ಸ್‌ನಲ್ಲಿ 27ನೇ ಆವೃತ್ತಿಯಿಂದ ಇರೋ ಆಫ್ಟರ್-ಫೋಕಸ್-ಚೇಂಜ್-ಫಂಕ್ಷನ್ ಬಳಸಿ, ಆದ್ರೆ ಸುದ್ದಿ ಬಂದ ಮಾತ್ರಕ್ಕೆ ನಂಬ್ಬೇಡಿ, ಫ್ರೇಮ್-ಫೋಕಸ್-ಸ್ಟೇಟ್ ಕೇಳಿ ನೋಡಿ, ಅದು ಇದೆ, ಇಲ್ಲ, ಇಲ್ಲಾ ಗೊತ್ತಿಲ್ಲ ಅಂತ ಮೂರು ಉತ್ತರ ಕೊಡತ್ತೆ.

ಈಗ ಇಷ್ಟೆಲ್ಲ ಬರೆಯೋಕೆ ಕಾರಣವಾದ ವಿಷ್ಯಕ್ಕೆ ಬರ್ತೀನಿ, ಕನ್ನಡ ಟೈಪಿಂಗ್. ಇಂಗ್ಲಿಷ್‌ನಲ್ಲಿ ಮಾತ್ರ ಬರೆಯೋರಿಗೆ ಕೀ ಎಲ್ಲಿಗೆ ಹೋಗತ್ತೆ ಅನ್ನೋದಷ್ಟೇ ಪ್ರಶ್ನೆ, ನಮಗೆ ಯಾವ ಭಾಷೆಯಾಗಿ ಹೋಗತ್ತೆ ಅನ್ನೋದೂ ಪ್ರಶ್ನೆ. ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸೋ ಐಬಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀ ವಿನ್ಯಾಸ ಆನ್ ಮಾಡ್ಕೊಂಡು ಇಮ್ಯಾಕ್ಸ್‌ನಲ್ಲಿ ಕನ್ನಡ ಬರೀತಾ ಇದ್ದೀರ, ಪಕ್ಕದ ವಿಂಡೋಗೆ ಹೋಗ್ಬೇಕು ಅಂತ ಕಂಟ್ರೋಲ್-ಎಕ್ಸ್ ಒತ್ತಿದ್ರಿ, ಅದು ಸರಿಯಾಗಿ ಹೋಯ್ತು, ಆಮೇಲೆ ಓ ಒತ್ತಿದ್ರಿ. ಐಬಸ್‌ಗೆ ಅದು ಕಮಾಂಡಿನ ಎರಡನೇ ಭಾಗ ಅಂತ ಹೇಗೆ ಗೊತ್ತಾಗ್ಬೇಕು? ಇನ್‌ಸ್ಕ್ರಿಪ್ಟ್‌ನಲ್ಲಿ ಓ ಕೀ ಮೇಲಿರೋದು ದ, ಅದು ದ ಅಂತ ಬದಲಾಯಿಸಿ ಕಳಿಸತ್ತೆ, ಇಮ್ಯಾಕ್ಸ್ ಕಂಟ್ರೋಲ್-ಎಕ್ಸ್ ದ ಅಂತ ಯಾವ ಕಮಾಂಡೂ ಇಲ್ಲ ಅಂತ ಕೆಳಗೆ ಬರೆದು ಸುಮ್ಮನಾಗತ್ತೆ. ವಿಂಡೋ ಬದಲಾಗ್ಲಿಲ್ಲ. ಐಬಸ್ ಬಿಟ್ಟು ಎಕ್ಸ್‌ನ ಕನ್ನಡ ಲೇಔಟನ್ನೇ ಹಾಕ್ಕೊಂಡ್ರಂತೂ ಮೊದಲನೇ ಕೀನೇ ಬದಲಾಗ್ಬೋದು, ರಷ್ಯನ್ನರು ಇದೇ ಸಮಸ್ಯೆಗೆ ರಿವರ್ಸ್-ಐಎಂ ಅಂತ ಒಂದು ಪ್ಯಾಕೇಜ್ ಬಳಸ್ತಾರೆ.

ಅದೇ ಐಬಸ್ ಆಫ್ ಮಾಡಿ, ಇಮ್ಯಾಕ್ಸ್ ಒಳಗಿನ ಇನ್‌ಪುಟ್ ಮೆಥಡ್ ಬಳಸಿ ನೋಡಿ. ಕಂಟ್ರೋಲ್-ಎಕ್ಸ್ ರಿಟರ್ನ್ ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ ಕನ್ನಡ-ಇನ್‌ಸ್ಕ್ರಿಪ್ಟ್ ಇಲ್ಲಾ ಕನ್ನಡ-ಐಟ್ರಾನ್ಸ್ ಆರಿಸ್ಕೊಳ್ಳಿ, ಆಮೇಲಿಂದ ಬರೀ ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿದ್ರೆ ಆನ್ ಆಫ್ ಆಗತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಬರೆದು ಕನ್ನಡ ಮೂಡಿಸೋ ಐಟ್ರಾನ್ಸ್‌ನಲ್ಲಿ ಕೆ ಒತ್ತಿದ್ರೆ ಕ್ ಬರತ್ತೆ, ಇನ್ನೂ ಮುಗಿದಿಲ್ಲ, ಅಡಿಗೆರೆ ಹಾಕ್ಕೊಂಡು ಕಾಯ್ತಿರತ್ತೆ, ಎ ಒತ್ತಿದ್ರೆ ಕ ಆಗತ್ತೆ. ಈಗ ಆ ಕ್ ಇರೋವಾಗ್ಲೇ ಕಂಟ್ರೋಲ್-ಎಕ್ಸ್ ಓ ಒತ್ತಿ. ಕಂಟ್ರೋಲ್-ಎಕ್ಸ್ ತನಗೆ ಸೇರಿದ್ದಲ್ಲ ಅಂತ ಇನ್‌ಪುಟ್ ಮೆಥಡ್‌ಗೆ ಗೊತ್ತಾಗತ್ತೆ, ಇದ್ದ ಕ್ ಅನ್ನ ಹಾಗೇ ಬಿಟ್ಟು ಆ ಕೀಯನ್ನ ಕಮಾಂಡ್ ಲೂಪ್‌ಗೆ ವಾಪಸ್ ಕೊಡತ್ತೆ, ಒಂದು ಕೀ ಸರಣಿಯ ಎರಡನೇ ಕೀ ಓದೋವಾಗ ಇಮ್ಯಾಕ್ಸ್ ಇನ್‌ಪುಟ್ ಮೆಥಡನ್ನ ಕೇಳೋದೇ ಇಲ್ಲ, ಹಾಗಾಗಿ ಓ ಅನ್ನೋದು ಓ ಆಗೇ ಬರತ್ತೆ, ವಿಂಡೋ ಬದಲಾಗತ್ತೆ. ಬದಲಾಗಿದ್ದು ವಿಂಡೋ ಮಾತ್ರ ಅಲ್ಲ, ಭಾಷೆನೂ ಬದಲಾಯ್ತು! ಇನ್‌ಪುಟ್ ಮೆಥಡ್ ಆನ್ ಇದೆಯಾ ಇಲ್ವಾ ಅನ್ನೋದು ಬಫರ್ ಬಫರ್‌ಗೂ ಬೇರೆ. ಎಡಗಡೆ ಪೈಥಾನ್ ಫೈಲ್ ಇಂಗ್ಲಿಷ್‌ನಲ್ಲಿ, ಬಲಗಡೆ ಲೇಖನ ಕನ್ನಡದಲ್ಲಿ, ಫೋಕಸ್ ಹೋದ ಕಡೆ ಭಾಷೆನೂ ಹಿಂದೇನೇ ಹೋಗತ್ತೆ, ನಾನು ಯಾವ ಟಾಗಲ್ ಕೀನೂ ಮುಟ್ಟಬೇಕಾಗಿಲ್ಲ.

ಇದು ಆಪರೇಟಿಂಗ್ ಸಿಸ್ಟಮ್ ಕೈಯಲ್ಲಿ ಆಗೋ ಕೆಲಸ ಅಲ್ಲ. ವಿಂಡೋಸ್‌ನಲ್ಲಿ ಪ್ರತಿ ಆ್ಯಪ್ ವಿಂಡೋಗೂ ಬೇರೆ ಇನ್‌ಪುಟ್ ಇಟ್ಕೊಳ್ಳೋ ಆಯ್ಕೆ ಇದೆ, ಐಬಸ್‌ನಲ್ಲೂ ಎಲ್ಲ ಅಪ್ಲಿಕೇಶನ್‌ಗೂ ಒಂದೇ ಇನ್‌ಪುಟ್ ಮೆಥಡ್ ಅನ್ನೋದನ್ನ ಆಫ್ ಮಾಡ್ಬೋದು, ಆದ್ರೆ ಅವುಗಳ ಕಣ್ಣಿಗೆ ನನ್ನ ಇಡೀ ಫ್ರೇಮ್ ಒಂದೇ ವಿಂಡೋ, ಒಳಗೆ ನಾನು ನಾಲ್ಕು ತುಂಡು ಮಾಡ್ಕೊಂಡಿದ್ದೀನಿ ಅನ್ನೋದು ಅದಕ್ಕೆ ಕಾಣಲ್ಲ. ಒಳಗಿರೋದು ಗೊತ್ತಿರೋದು ಎಡಿಟರ್‌ಗೆ, ಹಾಗಾಗಿ ಭಾಷೆಯ ನಿರ್ಧಾರಾನೂ ಎಡಿಟರ್ ಹತ್ರಾನೇ ಇರ್ಬೇಕು. ವಿಮ್ ಅನ್ನೋ ಎಡಿಟರ್‌ನಲ್ಲೂ ಈ ವಿವೇಕ ಇದೆ, ಕೀಮ್ಯಾಪ್ ಆಪ್ಷನ್ ಹಾಕಿದ್ರೆ ಬರೆಯೋಕಿರೋ ಇನ್ಸರ್ಟ್ ಮೋಡ್‌ನಲ್ಲಿ ಅಕ್ಷರ ಬದಲಾಗತ್ತೆ, ಕಮಾಂಡ್ ಕೊಡೋಕಿರೋ ನಾರ್ಮಲ್ ಮೋಡ್‌ನ ಕಮಾಂಡ್‌ಗಳು ಹಾಗೇ ಇರತ್ತೆ.

ಇದೇ ಎಚ್ಚರ ಮಿನಿಬಫರ್‌ನಲ್ಲೂ ಕಾಣತ್ತೆ. ಕನ್ನಡ ಬಫರ್‌ನಿಂದ ಮೆಟಾ-ಎಕ್ಸ್ ಒತ್ತಿದ್ರೆ ಕೆಳಗೆ ಇಂಗ್ಲಿಷ್, ಕಮಾಂಡ್ ಹೆಸರು ಇಂಗ್ಲಿಷ್‌ನಲ್ಲೇ ಇರೋದಲ್ವಾ. ಮೆಟಾ-ಪರ್ಸೆಂಟ್ ಒತ್ತಿ ಹುಡುಕಿ-ಬದಲಾಯಿಸೋಕೆ ಹೋದ್ರೆ ಅಲ್ಲಿ ಕನ್ನಡ ಆನ್ ಇರತ್ತೆ, ಯಾಕಂದ್ರೆ ಬದಲಾಯಿಸೋದು ಆ ಬಫರ್‌ನಲ್ಲಿರೋ ಪದವನ್ನೇ. ಎರಡೂ ಕೆಳಗಿನ ಸಾಲೇ, ಆದ್ರೆ ಪ್ರತಿ ಕಮಾಂಡ್ ಬರೆದವರು ಮೇಲಿನ ಬಫರ್‌ನ ಇನ್‌ಪುಟ್ ಮೆಥಡ್ ಕೆಳಗೆ ಬರ್ಬೇಕಾ ಬೇಡ್ವಾ ಅಂತ ಯೋಚನೆ ಮಾಡಿ ಹೇಳಿರ್ತಾರೆ. ಕಂಟ್ರೋಲ್-ಎಸ್ ಸರ್ಚ್ ಮಧ್ಯೆಯೂ ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿದ್ರೆ ಸರ್ಚ್ ಒಳಗೇ ಭಾಷೆ ಬದಲಾಗತ್ತೆ, ಸರ್ಚ್ ಮುರಿಯಲ್ಲ.

ಅನುವಾದ ಮಾಡೋರಿಗೆ ಇದರ ಲಾಭ ಜಾಸ್ತಿ. ಸಾಫ್ಟ್‌ವೇರ್‌ನ ವಾಕ್ಯ ಮತ್ತೆ ಅದರ ಅನುವಾದ ಜೋಡಿಯಾಗಿರೋ ಪಿಓ ಫೈಲ್ ತೆರೆದ್ರೆ ಪಿಓ-ಮೋಡ್‌ನ ಮುಖ್ಯ ಬಫರ್ ಓದೋಕೆ ಮಾತ್ರ, ಅಲ್ಲಿ ಎನ್ ಒತ್ತಿದ್ರೆ ಮುಂದಿನ ವಾಕ್ಯ, ಪಿ ಒತ್ತಿದ್ರೆ ಹಿಂದಿನದು, ರಿಟರ್ನ್ ಒತ್ತಿದ್ರೆ ಅನುವಾದ ಬರೆಯೋಕೆ ಇನ್ನೊಂದು ಸಣ್ಣ ಬಫರ್ ತೆರೆದು ಫೋಕಸ್ ಅಲ್ಲಿಗೆ ಹೋಗತ್ತೆ, ಕನ್ನಡದಲ್ಲಿ ಬರೆದು ಕಂಟ್ರೋಲ್-ಸಿ ಕಂಟ್ರೋಲ್-ಸಿ ಒತ್ತಿದ್ರೆ ವಾಪಸ್. ಐಬಸ್ ಇಟ್ಕೊಂಡು ಮಾಡಿದ್ರೆ ಪ್ರತಿ ವಾಕ್ಯಕ್ಕೂ ಹೋಗೋವಾಗ ಒಂದ್ಸಲ ಬರೋವಾಗ ಒಂದ್ಸಲ ಭಾಷೆ ಬದಲಾಯಿಸ್ಬೇಕು. ಇಮ್ಯಾಕ್ಸ್‌ನದ್ದು ಬಳಸಿದ್ರೆ ಆ ಸಣ್ಣ ಬಫರ್ ತೆರೆದಾಗ ತಾನಾಗೇ ನಡೆಯೋ ಹುಕ್‌ನಲ್ಲಿ ಕನ್ನಡ ಆನ್ ಮಾಡೋ ಒಂದು ಸಾಲು ಹಾಕಿದ್ರೆ ಮುಗೀತು. ಇನ್ನೂ ಒಂದು, ಬಫರ್ ಓದೋಕೆ ಮಾತ್ರ ಇರೋದಾದ್ರೆ ಇನ್‌ಪುಟ್ ಮೆಥಡ್ ಆನ್ ಇದ್ರೂ ಅದನ್ನ ನಡೆಸೋ ಕ್ವೇಲ್ ಅನ್ನೋ ಇಮ್ಯಾಕ್ಸ್ ಭಾಗ ಕೀಗಳನ್ನ ಬದಲಾಯಿಸದೇ ಹಾಗೇ ಬಿಟ್ಟುಕೊಡತ್ತೆ, ಅಲ್ಲಿ ಅಕ್ಷರ ಬರೆಯೋಕೇ ಆಗಲ್ಲ ಅಂದ್ಮೇಲೆ ಒತ್ತಿದ್ದು ಕಮಾಂಡೇ ಆಗಿರ್ಬೇಕು ಅನ್ನೋ ತರ್ಕ.

ನನ್ನ ಕನ್ನಡ ಬರಹಗಳೆಲ್ಲ ಒಂದೇ ಫೋಲ್ಡರ್‌ನಲ್ಲಿವೆ, ಆ ಫೋಲ್ಡರ್‌ಗೆ ಮಾತ್ರ ಅನ್ವಯಿಸೋ ಸೆಟ್ಟಿಂಗ್ ಇಡೋ ಡೈರ್-ಲೋಕಲ್ಸ್ ಫೈಲ್‌ನಲ್ಲಿ ಆಕ್ಟಿವೇಟ್-ಇನ್‌ಪುಟ್-ಮೆಥಡ್ ಕನ್ನಡ-ಐಟ್ರಾನ್ಸ್ ಅಂತ ಒಂದು ಇವ್ಯಾಲ್ ಸಾಲು (ಫೈಲ್ ತೆರೆದಾಗ ನಡೆಯೋ ಲಿಸ್ಪ್ ಕೋಡ್) ಹಾಕಿಟ್ಟಿದ್ದೀನಿ, ಅಲ್ಲಿಂದ ಯಾವ ಫೈಲ್ ತೆರೆದ್ರೂ ಕನ್ನಡ ಆನ್ ಆಗೇ ಬರತ್ತೆ. ಮೊದಲ ಸಲ ಇದನ್ನ ನಡೆಸ್ಲಾ ಅಂತ ಇಮ್ಯಾಕ್ಸ್ ಕೇಳತ್ತೆ, ಆಶ್ಚರ್ಯ ಚಿಹ್ನೆ ಒತ್ತಿದ್ರೆ ನೆನಪಿಟ್ಕೊಳ್ಳತ್ತೆ, ಆಮೇಲೆ ಕೇಳಲ್ಲ.